ಡ್ರೈನ್ ನೀರಿಗೆ ಓಜೋನ್: ಓಆರ್‌ಪಿ 760 ತೋರಿಸುತ್ತೆ, ಬೇರು ಕೊಳೆ ಮಾತ್ರ ನಿಂತಿಲ್ಲ

ಗ್ರೋಬ್ಯಾಗ್_ದೊಡ್ಡಬಳ್ಳಾಪುರ:
ನಮಸ್ಕಾರ. ಪಾಲಿಹೌಸ್‌ನಲ್ಲಿ ಕ್ಯಾಪ್ಸಿಕಂ, ಕೋಕೋಪೀಟ್ ಬ್ಯಾಗ್. ಬ್ಯಾಗ್‌ನಿಂದ ಬಸಿದ (ಡ್ರೈನ್) ನೀರನ್ನು 2000 ಲೀಟರ್ ಟ್ಯಾಂಕ್‌ಗೆ ತಂದು, ರೋಗಾಣು ಸಾಯಲಿ ಅಂತ ವೆಂಚುರಿ (ಹರಿಯುವ ನೀರಿಗೆ ಗ್ಯಾಸ್ ಎಳೆದುಕೊಳ್ಳುವ ಕೊಳವೆ) ಮೂಲಕ ಓಜೋನ್ ಕೊಟ್ಟು ಮತ್ತೆ ಬಳಸುತ್ತೇವೆ. ಯಂತ್ರದ ಮೇಲೆ ಗಂಟೆಗೆ 10 ಗ್ರಾಂ ಅಂತ ಬರೆದಿದೆ. ಗಾಳಿಯನ್ನು ಸಿಲಿಕಾ ಜೆಲ್‌ನಲ್ಲಿ ಒಣಗಿಸಿ ಕೊಡುತ್ತೇವೆ, ದಿನಕ್ಕೆ ಒಂದು ಗಂಟೆ. ಓಆರ್‌ಪಿ (ನೀರಿನ ಆಕ್ಸಿಡೈಸ್ ಮಾಡುವ ಶಕ್ತಿಯ ಅಳತೆ) 760 ಮಿಲಿವೋಲ್ಟ್, ಡಿಪಿಡಿ ಕಿಟ್‌ನಲ್ಲಿ (ಆಕ್ಸಿಡೈಸ್ ಮಾಡುವ ವಸ್ತು ಇದ್ದರೆ ಗುಲಾಬಿ ಆಗುವ ಪರೀಕ್ಷೆ) ತೆಳು ಗುಲಾಬಿ. ಆದರೂ ಬೇರು ಕೊಳೆ ತರುವ ಪಿಥಿಯಂ ರೋಗಾಣು ಹೋಗ್ತಿಲ್ಲ, ಜೊತೆಗೆ ಚಿಗುರೆಲೆ ಹಳದಿ. ಡೋಸ್ ಜಾಸ್ತಿ ಆಯ್ತಾ, ಕಡಿಮೆ ಆಯ್ತಾ?

ನೀರು_ಪರೀಕ್ಷೆ:
ಲೈನ್ ತೊಳೆಯೋಕೆ ಹೈಪೋಕ್ಲೋರೈಟ್ ಬಳಸ್ತೀರಾ? ಬಳಸಿದ್ದರೆ ಆ 760 ಕ್ಲೋರಿನ್‌ದೇ ಇರಬಹುದು. ಓಆರ್‌ಪಿ ಮೀಟರ್‌ಗೆ ಯಾರು ಆಕ್ಸಿಡೈಸ್ ಮಾಡ್ತಿದ್ದಾರೆ ಅನ್ನೋದು ಗೊತ್ತಾಗಲ್ಲ. ಪಿಎಚ್ ಬದಲಾದರೂ ಅಂಕಿ ಬದಲಾಗುತ್ತೆ. ಡಿಪಿಡಿಯೂ ಅಷ್ಟೇ: ಕ್ಲೋರಿನ್‌ಗೂ, ಆಕ್ಸಿಡೈಸ್ ಆದ ಮ್ಯಾಂಗನೀಸ್‌ಗೂ ಗುಲಾಬಿ ಬರುತ್ತೆ.

ಒಂದು ಸುಲಭ ಪರೀಕ್ಷೆ. ಅದೇ ನೀರನ್ನು ತೆರೆದ ಬಕೆಟ್‌ನಲ್ಲಿ ಒಂದು ಗಂಟೆ ಇಟ್ಟು, ಆಗಾಗ ಕಲಕಿ, ಮತ್ತೆ ಡಿಪಿಡಿ ಹಾಕಿ. ಓಜೋನ್ ಆಗಿದ್ದರೆ ಅಷ್ಟರಲ್ಲಿ ಹೋಗಿರುತ್ತೆ. ಗುಲಾಬಿ ಉಳಿದರೆ ನೀವು ಇಷ್ಟು ದಿನ ಅಳೆದದ್ದು ಬೇರೆ ಏನನ್ನೋ.

ಸರಿಯಾದ ಅಳತೆಗೆ ಇಂಡಿಗೋ ಕಿಟ್ ತಗೊಳ್ಳಿ. ಓಜೋನ್ ನೀಲಿ ಬಣ್ಣವನ್ನು ಅಳಿಸುತ್ತೆ, ಎಷ್ಟು ಅಳಿಯಿತು ಅನ್ನೋದೇ ಅಳತೆ. ಸ್ಯಾಂಪಲ್ ತೆಗೆಯೋದರಲ್ಲೇ ಹೆಚ್ಚಿನವರು ಎಡವೋದು: ನಲ್ಲಿಯನ್ನು ಒಂದು ನಿಮಿಷ ಹರಿಯಬಿಡಿ, ಸಣ್ಣ ಕೊಳವೆಯನ್ನು ಸೀಸೆಯ ತಳದವರೆಗೆ ಇಳಿಸಿ, ನೊರೆ ಬರದ ಹಾಗೆ ತುಂಬಿಸಿ, ನಿಂತಲ್ಲೇ ಅಳೆಯಿರಿ. ಬಾಟಲಿಯಲ್ಲಿ ಲ್ಯಾಬ್‌ಗೆ ಒಯ್ದರೆ ಸೊನ್ನೆ ಬರುತ್ತೆ. ಓಆರ್‌ಪಿ ಪ್ರೋಬ್‌ನ ಪ್ಲಾಟಿನಂ ತುದಿಯಲ್ಲಿ ಲೋಳೆ ಕೂತಿದೆಯಾ ನೋಡಿ, ಸ್ಟ್ಯಾಂಡರ್ಡ್ ದ್ರಾವಣದಲ್ಲಿ ಅದ್ದಿ ತಾಳೆ ನೋಡಿ.

ಡೋಸ್_ಲೆಕ್ಕ:
ಡೋಸ್ ಕಡಿಮೆ, ತುಂಬಾನೇ ಕಡಿಮೆ. ಯಂತ್ರದ ಮೇಲಿನ 10 ಗ್ರಾಂ ಸಾಮಾನ್ಯವಾಗಿ ಆಕ್ಸಿಜನ್ ಕೊಟ್ಟಾಗಿನ ಲೆಕ್ಕ, ಮಾರುವವರು ಇದನ್ನು ಹೇಳೋದು ಅಪರೂಪ. ಗಾಳಿಯಲ್ಲಿ ಅರ್ಧಕ್ಕಿಂತ ಕಡಿಮೆ, 4 ಗ್ರಾಂ ಅಂತ ಇಟ್ಕೊಳ್ಳಿ. ಹಾಲೆಂಡ್‌ನ ಗ್ರೀನ್‌ಹೌಸ್‌ಗಳಲ್ಲಿ ಬಸಿದ ನೀರಿಗೆ ಹೇಳುವ ಅಳತೆ: ಒಂದು ಘನ ಮೀಟರ್‌ಗೆ ಗಂಟೆಗೆ 10 ಗ್ರಾಂ, ಒಂದು ಗಂಟೆ ಸಂಪರ್ಕ. ನಿಮ್ಮ ಟ್ಯಾಂಕ್‌ಗೆ 20 ಗ್ರಾಂ ಬೇಕು, ಹೋಗ್ತಿರೋದು 4.

ಹಾಗಂತ ಐದು ಗಂಟೆ ಓಡಿಸಿದರೆ ಸರಿಹೋಗಲ್ಲ. ಕೋಕೋಪೀಟ್‌ನ ಕಂದು ಬಣ್ಣದ ಸಾವಯವ ಅಂಶ ಓಜೋನ್ ಅನ್ನು ಮೊದಲು ತಿನ್ನುತ್ತೆ, ಉಳಿದದ್ದು ತಾನಾಗಿಯೇ ಒಡೆಯುತ್ತೆ. ನಿಧಾನಕ್ಕೆ ಕೊಟ್ಟರೆ ರೋಗಾಣುವಿಗೆ ಉಳಿಯೋದೇ ಇಲ್ಲ. ಒಂದೋ ಬ್ಯಾಚ್ ಅನ್ನು 400 ಲೀಟರ್‌ಗೆ ಇಳಿಸಿ, ಇಲ್ಲ ಆಕ್ಸಿಜನ್ ಕಾನ್ಸಂಟ್ರೇಟರ್ ಹಾಕಿ 1000 ಲೀಟರ್ ಮಾಡಿ. ಮೊದಲು ಸ್ಯಾಂಡ್ ಫಿಲ್ಟರ್ ಇರಲೇಬೇಕು. ನೀರು ಬಿಸಿಯಾದಷ್ಟೂ, ಪಿಎಚ್ 7 ದಾಟಿದಷ್ಟೂ ಓಜೋನ್ ಬೇಗ ಹೋಗುತ್ತೆ. ಬೆಳಗಿನ ಜಾವ ಓಡಿಸಿ, ಪಿಎಚ್ ಅನ್ನು ಆಸಿಡ್ ಹಾಕಿ 6ರ ಕೆಳಗೆ ತನ್ನಿ.

ಫರ್ಟಿಗೇಶನ್_ಮನೆ:
ಹಳದಿ ಎಲೆಗೆ: ನರ ಹಸಿರಾಗೇ ಇದ್ದು ನಡುವೆ ಹಳದಿಯಾಗಿದ್ದರೆ ಕಬ್ಬಿಣದ ಕೊರತೆ. ಗೊಬ್ಬರದಲ್ಲಿ ಕಬ್ಬಿಣವನ್ನು ಕರಗಿದ ಹಾಗೇ ಹಿಡಿದಿಡುವ ಇಡಿಟಿಎ, ಡಿಟಿಪಿಎ ಎರಡನ್ನೂ ಓಜೋನ್ ಒಡೆಯುತ್ತೆ, ಕಬ್ಬಿಣ ತುಕ್ಕಿನ ಹಾಗೆ ತಳಕ್ಕೆ ಕೂರುತ್ತೆ. ಮ್ಯಾಂಗನೀಸ್ ಕಪ್ಪು ಕೆಸರಾಗಿ ಡ್ರಿಪ್ಪರ್ ಕಟ್ಟುತ್ತೆ. ಬಸಿದ ನೀರಿಗೆ ಮಾತ್ರ ಓಜೋನ್ ಕೊಡಿ, ಇನ್ನೊಂದು ಟ್ಯಾಂಕ್‌ನಲ್ಲಿ ಬಿಟ್ಟು, ಇಂಡಿಗೋದಲ್ಲಿ ಸೊನ್ನೆ ಬಂದ ಮೇಲೆ ಎ, ಬಿ ಗೊಬ್ಬರ (ಬೇರೆ ಬೇರೆ ಇಡುವ ಎರಡು ಗೊಬ್ಬರ ದ್ರಾವಣ) ಬೆರೆಸಿ. ಕಳೆದುಹೋದ ಕಬ್ಬಿಣ, ಮ್ಯಾಂಗನೀಸ್ ಆಗ ಸೇರಿಸಬೇಕು.

ಗ್ರೋಬ್ಯಾಗ್_ದೊಡ್ಡಬಳ್ಳಾಪುರ:
ಬಕೆಟ್ ಪರೀಕ್ಷೆ ಮಾಡಿದೆ, ಗುಲಾಬಿ ಹಾಗೇ ಉಳೀತು. ಹೋದ ವಾರ ಹೈಪೋ ಹಾಕಿದ್ದು ನಿಜ. ಸಿಲಿಕಾ ಜೆಲ್ ಕೂಡ ನೀಲಿ ಹೋಗಿ ಗುಲಾಬಿ ಆಗಿದೆ. ಆಟೋಮ್ಯಾಟಿಕ್ ಕಂಟ್ರೋಲ್ ಯಾವುದರ ಮೇಲೆ ಇಡಲಿ?

ಪ್ಯಾನೆಲ್_ಬೋರ್ಡ್:
ಮೊದಲು ಯಂತ್ರ ನಿಲ್ಲಿಸಿ. ಜೆಲ್ ಗುಲಾಬಿ ಅಂದರೆ ತೇವದ ಗಾಳಿ ಹೋಗ್ತಿದೆ, ಒಳಗೆ ನೈಟ್ರಿಕ್ ಆಸಿಡ್ ಆಗಿ ಓಜೋನ್ ತಯಾರಾಗುವ ಸೆಲ್ ತಿಂದುಹಾಕುತ್ತೆ. ಜೆಲ್ ಬದಲಿಸಿ, ಸೆಲ್ ಬಿಚ್ಚಿಸಿ ನೋಡಿ. ವೆಂಚುರಿಯ ನಾನ್‌ರಿಟರ್ನ್ ವಾಲ್ವ್ ಸೋರಿದರೂ ನೀರು ಹಿಂದಕ್ಕೆ ಬರುತ್ತೆ. ಅಲ್ಲಿ ಸಾಮಾನ್ಯ ರಬ್ಬರ್ ವಾಷರ್ ಬೇಡ, ಬಿರುಕು ಬಿಡುತ್ತೆ. ವೈಟಾನ್ ಅಥವಾ ಟೆಫ್ಲಾನ್ ಹಾಕಿ.

ಕಂಟ್ರೋಲ್‌ಗೆ ಕರಗಿದ ಓಜೋನ್ ಪ್ರೋಬ್ ಉತ್ತಮ, ಆದರೆ ಅದನ್ನು ಕೂರಿಸುವ ಫ್ಲೋ ಸೆಲ್‌ನಲ್ಲಿ ಒಂದೇ ಸಮನೆ ನೀರು ಹರಿಯಬೇಕು. ದುಬಾರಿ ಅನ್ನಿಸಿದರೆ ಟೈಮರ್ ಮೇಲೆ ಓಡಿಸಿ, ಕೊನೆಯ 10 ನಿಮಿಷ ಇಂಡಿಗೋದಲ್ಲಿ 0.3–0.5 ಪಿಪಿಎಂ ನಿಲ್ಲುತ್ತಾ ನೋಡಿ. ಶುರುವಿಗೆ ನಾನು ಇಡೋ ಗುರಿ ಅದು. ಆಗ ಅದೇ ಪಿಎಚ್‌ನಲ್ಲಿ ಓಆರ್‌ಪಿ ಎಷ್ಟಿದೆಯೋ ಬರೆದಿಟ್ಟು, ಅದಕ್ಕಿಂತ ಕೆಳಗೆ ಇಳಿದರೆ ಅಲಾರಂ ಹೊಡೆಯೋ ಹಾಗೆ ಮಾಡಿ. ಹೈಪೋ ಹಾಕಿದ ವಾರ ಆ ಅಲಾರಂ ನಂಬಬೇಡಿ.

ಫ್ಲೋ ಸ್ವಿಚ್ ಇಂಟರ್‌ಲಾಕ್ ಬಿಡಬೇಡಿ: ಪಂಪ್ ನಿಂತ ಕ್ಷಣ ಓಜೋನ್ ನಿಲ್ಲಬೇಕು. ಟ್ಯಾಂಕ್ ಮುಚ್ಚಳದಿಂದ ಬರೋ ಗ್ಯಾಸನ್ನು ಓಜೋನ್ ಒಡೆಯುವ ಡಿಸ್ಟ್ರಕ್ಟ್ ಯೂನಿಟ್ ಮೂಲಕವೇ ಹೊರಗೆ ಬಿಡಿ. ರೂಮಿನ ಗಾಳಿಯಲ್ಲಿ 0.1 ಪಿಪಿಎಂ ಮಿತಿ. ಸೆನ್ಸರ್ ಅನ್ನು ಮೊಣಕಾಲೆತ್ತರದಲ್ಲಿ ಹಾಕಿ, ಓಜೋನ್ ಗಾಳಿಗಿಂತ ಭಾರ. ವಾಸನೆ ಬರ್ತಿಲ್ಲ ಅಂತ ಒಳಗೆ ಹೋಗಬೇಡಿ, ಮೂಗು ಬೇಗ ಒಗ್ಗಿಹೋಗುತ್ತೆ.