ಪದಚರ್ಚೆ: ಗಣಿ ಸುದ್ದಿಯ ‘ನಿಕ್ಷೇಪ’ ಮತ್ತು ‘ಸೇರಿದಂತೆ’

ಎಲ್ಲರಿಗೂ ನಮಸ್ಕಾರ. ಉಡುಪಿಯಿಂದ ಬರೆಯುತ್ತಿದ್ದೇನೆ. ‘ನಿಕ್ಷೇಪ’ ಎಂಬ ಪದವನ್ನು ಗಣಿ ಸುದ್ದಿಗಳಲ್ಲಿ ಹೇಗೆ ಬಳಸಬೇಕು ಎಂಬ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಸ್ವಲ್ಪ ಹಿನ್ನೆಲೆ. ಇಲ್ಲಿ ನಿವೃತ್ತ ಬ್ಯಾಂಕ್ ನೌಕರರು ಕೆಲವರು ಆಗಾಗ ಸೇರಿ ಶೇರಿನ ವಿಷಯ ಮಾತಾಡುತ್ತೇವೆ. ಹಲವರ ಮಕ್ಕಳು ಪರ್ತ್, ಟೊರಾಂಟೊ ಕಡೆ ಇದ್ದಾರೆ. ಅಲ್ಲಿ ಚಿನ್ನ, ತಾಮ್ರ, ಲಿಥಿಯಂ ಹುಡುಕುವ ಸಣ್ಣ ಕಂಪನಿಗಳ ಶೇರು ವ್ಯವಹಾರ ಜಾಸ್ತಿ. ಇಂಥ ಬಹುತೇಕ ಕಂಪನಿಗಳಿಗೆ ಗಣಿಯೇ ಇರುವುದಿಲ್ಲ, ಆದಾಯವೂ ಇಲ್ಲ. ರಿಗ್ (ಕೊರೆಯುವ ಯಂತ್ರ) ತಂದು ನೆಲ ಕೊರೆಯುತ್ತಾರೆ, ಫಲಿತಾಂಶ ಪ್ರಕಟಿಸುತ್ತಾರೆ. ಶೇರಿನ ಬೆಲೆ ಏರಿದರೆ ಹೊಸ ಶೇರು ಮಾರಿ ಮುಂದಿನ ಕೊರೆತಕ್ಕೆ ದುಡ್ಡು ಎತ್ತುತ್ತಾರೆ. ಅವರ ಬದುಕು ನಿಂತಿರುವುದೇ ಪ್ರಕಟಣೆಯ ಮೇಲೆ. ಹಾಗಾಗಿ ಅದನ್ನು ಸಂಶಯ ಇಟ್ಟುಕೊಂಡೇ ಓದಬೇಕು. ಈ ಪ್ರಕಟಣೆಗಳನ್ನು ನಮ್ಮ ಗುಂಪಿಗೆ ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಾನೂನಿನ ಒತ್ತಾಯದಿಂದ ಇಂಗ್ಲಿಷಿನಲ್ಲಿ ಬರೆದ ಸಂಶಯದ ಮಾತು ನಮ್ಮ ‘ನಿಕ್ಷೇಪ ಪತ್ತೆ’ಯಲ್ಲಿ ಪೂರ್ತಿ ಅಳಿಸಿಹೋಗುತ್ತದೆ. ನನಗೆ ಇದು ದುಡ್ಡು ಕಳೆಯುವ ದಾರಿ ಅನ್ನಿಸುತ್ತದೆ.

2020ರ ಫೆಬ್ರವರಿಯ ಸೋನ್‌ಭದ್ರದ ಸುದ್ದಿ ನಿಮಗೆ ನೆನಪಿರಬಹುದು. ಉತ್ತರ ಪ್ರದೇಶದ ಆ ಜಿಲ್ಲೆಯಲ್ಲಿ 3,000 ಟನ್‌ಗೂ ಹೆಚ್ಚು ಚಿನ್ನದ ನಿಕ್ಷೇಪ ಸಿಕ್ಕಿದೆ ಎಂದು ದೇಶವೆಲ್ಲ ಮಾತಾಡಿತು. ಕೆಲವೇ ದಿನಗಳಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ (ಜಿಎಸ್ಐ) ಸ್ಪಷ್ಟನೆ ಕೊಟ್ಟಿತು. ಅಲ್ಲಿ ಅಂದಾಜಿಸಿದ್ದು ಸುಮಾರು 52,806 ಟನ್ ಕಲ್ಲು, ಅದರಲ್ಲಿ ಟನ್‌ಗೆ ಸರಾಸರಿ 3.03 ಗ್ರಾಂ ಚಿನ್ನ. ಗುಣಿಸಿದರೆ ಒಟ್ಟು 160 ಕಿಲೋ. ನಮ್ಮ ಮಂಡ್ಯದ ಮರಳಗಾಲದ ಲಿಥಿಯಂ ಕಥೆಯೂ ಇಂಥದ್ದೇ. ಮೊದಲು 14,100 ಟನ್ ಎಂದು ಸುದ್ದಿಯಾಯಿತು. 2021ರಲ್ಲಿ ಸರ್ಕಾರ ಹೇಳಿದ ಲೆಕ್ಕ 1,600 ಟನ್, ಅದೂ ಅತ್ಯಂತ ಕಡಿಮೆ ಭರವಸೆಯ ವರ್ಗದಲ್ಲಿ. ಎರಡು ಕಡೆಯೂ ಕನ್ನಡದಲ್ಲಿ ಬಂದ ಪದ ಒಂದೇ, ನಿಕ್ಷೇಪ.

ಗಣಿಯವರ ಭಾಷೆಯಲ್ಲಿ ಮೂರು ಬೇರೆ ಬೇರೆ ಮಾತುಗಳಿವೆ. ಡೆಪಾಸಿಟ್ ಎಂದರೆ ಖನಿಜ ಒಂದು ಕಡೆ ಸೇರಿಕೊಂಡಿರುವ ಜಾಗ. ರಿಸೋರ್ಸ್ ಎಂದರೆ ಕೊರೆದು, ಲೆಕ್ಕ ಹಾಕಿ, ಮುಂದೆ ತೆಗೆಯಬಹುದು ಎಂದು ನಂಬಲು ಕಾರಣವಿರುವ ಅಂದಾಜು. ಅದರಲ್ಲೂ ಭರವಸೆ ಏರುತ್ತಾ ಹೋಗುವ ಮೂರು ಮೆಟ್ಟಿಲು: ಇನ್‌ಫರ್ಡ್ (ಊಹಿಸಿದ್ದು), ಇಂಡಿಕೇಟೆಡ್ (ಸೂಚನೆ ಸಿಕ್ಕಿದ್ದು), ಮೆಷರ್ಡ್ (ಅಳೆದದ್ದು). ತೆಗೆದರೆ ಲಾಭ ಇದೆ ಎಂದು ಯೋಜನೆ ಮಾಡಿ ತೋರಿಸಿದ ಭಾಗ ಮಾತ್ರ ರಿಸರ್ವ್. ರಿಸರ್ವ್ ಆಗದ ರಿಸೋರ್ಸ್‌ಗೆ ಆರ್ಥಿಕ ಬೆಲೆ ಇದೆ ಎಂದು ಇನ್ನೂ ತೋರಿಸಿಲ್ಲ ಎಂಬ ವಾಕ್ಯ ಕೆನಡಾದ ಕಂಪನಿಗಳ ಪ್ರಕಟಣೆಯ ಕೊನೆಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಈ ಎಚ್ಚರಿಕೆಯ ಹಿಂದೆ ದೊಡ್ಡ ಏಟು ಇದೆ. ಇಂಡೊನೇಷ್ಯಾದ ಬುಸಾಂಗ್‌ನಲ್ಲಿ ಬ್ರೆ-ಎಕ್ಸ್ ಎಂಬ ಕೆನಡಾ ಕಂಪನಿ ಕೊರೆತದ ಮಾದರಿಗಳಿಗೆ ಹೊರಗಿನ ಚಿನ್ನ ಬೆರೆಸಿ ತೋರಿಸಿದ್ದು 1997ರಲ್ಲಿ ಬಯಲಾಯಿತು. ಕೊರೆದಾಗ ಹೊರಬರುವ ಕಲ್ಲಿನ ಕಂಬವನ್ನು, ಅಂದರೆ ಕೋರ್ ಅನ್ನು, ಉದ್ದಕ್ಕೆ ಸೀಳಿ ಅರ್ಧ ತೆಗೆದಿಡುವುದು ರೂಢಿ. ಅಲ್ಲಿ ಪೂರ್ತಿ ಕೋರನ್ನೇ ಪುಡಿ ಮಾಡಿದ್ದರು, ಮತ್ತೆ ಪರೀಕ್ಷಿಸಲು ಏನೂ ಉಳಿದಿರಲಿಲ್ಲ. ಫ್ರೀಪೋರ್ಟ್ ಎಂಬ ಅಮೆರಿಕದ ಗಣಿ ಕಂಪನಿ ಅದೇ ಜಾಗದ ಪಕ್ಕದಲ್ಲಿ ತಾನೇ ಕೊರೆದಾಗ ಹೇಳಿಕೊಳ್ಳುವಷ್ಟು ಚಿನ್ನ ಬರಲಿಲ್ಲ. ಇದಾದ ಮೇಲೆ, ಇಂಥ ಪ್ರಕಟಣೆಗಳಿಗೆ ಕೆನಡಾದ ಬಿಗಿ ನಿಯಮ 2001ರಲ್ಲಿ ಬಂತು.

ಈ ವ್ಯತ್ಯಾಸ ನಮ್ಮ ಕರಾವಳಿಯವರಿಗೆ ದೂರದ್ದಲ್ಲ. ಕುದುರೆಮುಖದ ಮ್ಯಾಗ್ನಟೈಟ್ (ಕಬ್ಬಿಣದ ಖನಿಜ) ಕಲ್ಲಿನ ವಿಷಯ 1913ರಲ್ಲೇ ಗೊತ್ತಿತ್ತು. ಅದನ್ನು ತೆಗೆಯುವ ಕುದುರೆಮುಖ ಕಂಪನಿ ಹುಟ್ಟಿದ್ದು 1976ರಲ್ಲಿ. ಕೊಳ್ಳುವವರು, ಘಟ್ಟ ಇಳಿಯುವ ಪೈಪ್‌ಲೈನ್, ಪಣಂಬೂರಿನ ಬಂದರು, ಇಷ್ಟೂ ಕೂಡಿ ಬಂದ ಮೇಲೆಯೇ ಆ ಕಲ್ಲು ಅದಿರಾಯಿತು. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಗಣಿ ನಿಂತಿತು. ಬೆಟ್ಟದೊಳಗೆ ಕಲ್ಲು ಈಗಲೂ ಇದೆ, ಆದರೆ ಯಾರೂ ತೆಗೆಯುವಂತಿಲ್ಲ. ಡೆಪಾಸಿಟ್ ಇದೆ, ರಿಸರ್ವ್ ಇಲ್ಲ. ಕನ್ನಡದಲ್ಲಿ ಇದನ್ನು ಒಂದೇ ವಾಕ್ಯದಲ್ಲಿ ಹೇಳಲು ನಾನು ಒದ್ದಾಡುತ್ತೇನೆ.

‘ಸಂಪನ್ಮೂಲ’ ಎಂದು ಬರೆಯಬಹುದಲ್ವಾ ಎಂದು ಕೆಲವರು ಕೇಳಿದರು. ನನಗೆ ಅದು ಒಗ್ಗಲಿಲ್ಲ. ಅದರೊಳಗೆ ಸಂಪತ್ತು ಕೂತಿದೆ, ಓದಿದ ಕೂಡಲೇ ಕೈಗೆ ಬಂದ ಹಾಗೆ ಕೇಳಿಸುತ್ತದೆ. ‘ಅನುಮಾನಿತ’ ಮಾತ್ರ ಇನ್‌ಫರ್ಡ್‌ಗೆ ಚೆನ್ನಾಗಿ ಹೊಂದುತ್ತದೆ. ತರ್ಕದಲ್ಲಿ ಅದು ಊಹೆ, ಮಾತಿನಲ್ಲಿ ಸಂಶಯ. ಇಲ್ಲಿ ಎರಡೂ ಬೇಕು.

ನಿಜವಾಗಿ ನನ್ನ ಮನಸ್ಸು ಹೋಗುವುದು ಶಾಸನಗಳ ಕಡೆಗೆ. ದಾನಶಾಸನಗಳಲ್ಲಿ, ಹಳೆಯ ಜಾಗದ ಪತ್ರಗಳಲ್ಲಿ ಅಷ್ಟಭೋಗದ, ಅಂದರೆ ಜಾಗದ ಮೇಲಿನ ಎಂಟು ಬಗೆಯ ಹಕ್ಕಿನ, ಮಾತು ಬರುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಅಲ್ಲಿನ ನಿಕ್ಷೇಪ ಯಾರೋ ಇಟ್ಟಿದ್ದು. ಇಟ್ಟಿದ್ದು ಎಂದ ಮೇಲೆ ಇದೆ ಎಂದೇ ಅರ್ಥ. ಆ ಖಚಿತತೆ ಪದಕ್ಕೆ ಇವತ್ತಿಗೂ ಅಂಟಿಕೊಂಡಿದೆ. ಅದೇ ಸಾಲಿನ ಕೊನೆಯ ಎರಡು ಪದ ನೋಡಿ. ಸಿದ್ಧ ಎಂದರೆ ಈಗಾಗಲೇ ಫಲ ಕೊಡುತ್ತಿರುವುದು, ಸಾಧ್ಯ ಎಂದರೆ ಮುಂದೆ ದುಡಿದು ಮಾಡಿಕೊಳ್ಳಬಹುದಾದದ್ದು. ರಿಸರ್ವ್‌ಗೆ ‘ಸಿದ್ಧ ಸಂಗ್ರಹ’, ರಿಸೋರ್ಸ್‌ಗೆ ‘ಸಾಧ್ಯ ಸಂಗ್ರಹ’ ಎನ್ನಬಹುದೇ? ನಿಕ್ಷೇಪವನ್ನು ಡೆಪಾಸಿಟ್‌ಗೆ ಮಾತ್ರ ಉಳಿಸಿಕೊಳ್ಳೋಣವೇ? ರಿಸರ್ವ್ ಇನ್ನೂ ನೆಲದೊಳಗೇ ಇರುತ್ತದೆ, ಆದ್ದರಿಂದ ‘ಸಿದ್ಧ’ ತುಸು ಹೆಚ್ಚಾಯಿತು ಎಂದು ಯಾರಾದರೂ ಹೇಳಬಹುದು. ಆ ವಾದ ಕೇಳಲು ನಾನು ತಯಾರಿದ್ದೇನೆ.

ಇನ್ನೊಂದು ಪದ ‘ಸೇರಿದಂತೆ’. ಸಣ್ಣದು, ಆದರೆ ಇದರಿಂದಲೇ ಹೆಚ್ಚು ತೊಂದರೆ. ಒಂದು ಪ್ರಕಟಣೆ ಹೀಗಿದೆ ಎಂದು ಇಟ್ಟುಕೊಳ್ಳಿ: ‘20 ಮೀಟರ್ ಉದ್ದಕ್ಕೆ ಟನ್‌ಗೆ 3 ಗ್ರಾಂ ಚಿನ್ನ, 1 ಮೀಟರ್‌ಗೆ 55 ಗ್ರಾಂ ಸೇರಿದಂತೆ.’ ನಮ್ಮ ಗುಂಪಿನಲ್ಲಿ ಹೆಚ್ಚಿನವರು 3 ಗ್ರಾಂ ಅಂತೂ ಇದೆ, ಮೇಲಿಂದ 55 ಕೂಡ ಎಂದು ಓದಿದರು. ಲೆಕ್ಕ ಹಾಕಿ ನೋಡಿ. 20ನ್ನು 3ರಿಂದ ಗುಣಿಸಿದರೆ 60. ಅದರಲ್ಲಿ 55 ಒಂದೇ ಮೀಟರಿನದು. ಉಳಿದ 19 ಮೀಟರಿಗೆ ಉಳಿಯುವುದು 5, ಅಂದರೆ ಟನ್‌ಗೆ ಸುಮಾರು 0.26 ಗ್ರಾಂ. ಬರೆದ ಸಂಖ್ಯೆ ಸುಳ್ಳಲ್ಲ, ಆದರೆ 20 ಮೀಟರ್ ಎಂಬ ಮಾತಿಗೆ ಅಷ್ಟು ತೂಕ ಇಲ್ಲ. ಇಲ್ಲಿ ‘ಅದರೊಳಗಿನ 1 ಮೀಟರಿನಲ್ಲೇ 55 ಗ್ರಾಂ’ ಎಂದು ಬರೆದರೆ ಓದುಗ ನಿಂತು ಯೋಚಿಸುತ್ತಾನೆ ಅನ್ನಿಸುತ್ತದೆ. ‘ಪೈಕಿ’ ಕೂಡ ಆಗಬಹುದೇನೋ.

ಉದ್ದದ ವಿಷಯದಲ್ಲೂ ಒಂದು ಮಾತು. ರಂಧ್ರ ಅದಿರಿನ ಪಟ್ಟಿಯನ್ನು ಓರೆಯಾಗಿ ದಾಟಿದರೆ ಕೋರಿನಲ್ಲಿ ಕಾಣುವ ಉದ್ದ ಪಟ್ಟಿಯ ನಿಜ ದಪ್ಪಕ್ಕಿಂತ ಜಾಸ್ತಿ ಬರುತ್ತದೆ. ಕೋರಿನಲ್ಲಿ ಕಂಡದ್ದಕ್ಕೆ ‘ಉದ್ದ’, ಪಟ್ಟಿಯದಕ್ಕೆ ‘ದಪ್ಪ’ ಎಂದು ಬೇರೆ ಮಾಡಿದರೆ ಸಾಕು, ಹೊಸ ಪದ ಕಟ್ಟುವುದು ಬೇಡ.

ಕೊರೆದ ದಿನದ ಮಾತಿಗೂ ಆಮೇಲಿನದಕ್ಕೂ ಇರುವ ಅಂತರ ಬೋರ್‌ವೆಲ್ ತೆಗೆಸಿದವರಿಗೆಲ್ಲ ಗೊತ್ತು. ರಿಗ್ಗಿನವರು ‘ಎರಡು ಇಂಚು ನೀರು’ ಎನ್ನುತ್ತಾರೆ. ಪಂಪ್ ಇಳಿಸಿ, ಏಪ್ರಿಲ್ ದಾಟಿದ ಮೇಲೆ ನೀರೆಷ್ಟು ಎಂಬುದೇ ಬೇರೆ ಲೆಕ್ಕ. ತುಳುವಿನಲ್ಲಿ, ಕುಂದಗನ್ನಡದಲ್ಲಿ ಅಥವಾ ನಿಮ್ಮ ಕಡೆಯ ಬೋರ್‌ವೆಲ್ ಮಾತಿನಲ್ಲಿ ಈ ‘ಮೊದಲ ದಿನದ ನೀರಿಗೆ’ ಬೇರೆ ಹೆಸರಿದೆಯೇ? ಇದ್ದರೆ ದಯವಿಟ್ಟು ಬರೆಯಿರಿ. ಹಟ್ಟಿ ಅಥವಾ ಕೋಲಾರದ ಗಣಿಯಲ್ಲಿ ದುಡಿದವರ ಮನೆಯವರು ಇಲ್ಲಿ ಯಾರಾದರೂ ಇದ್ದರೆ, ಇನ್ನೂ ತೆಗೆಯದ ಅದಿರಿಗೂ ತೆಗೆಯಲು ಗುರುತು ಮಾಡಿದ ಅದಿರಿಗೂ ಅವರು ಏನೆನ್ನುತ್ತಿದ್ದರು ಎಂಬುದನ್ನೂ ತಿಳಿಸಿ.