ಅಟ್ಟಿಸಿಕೊಂಡು ಮಾತ್ರ ಹೋಗಬೇಡಿ ಮಾವಾ

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೆ ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಕೇಳಿ.

ಬೆಳಿಗ್ಗೆ ಅಕ್ಕ ಹೇಳಿದಳಲ್ಲ, ಕೌಲ್ ಬಜಾರ್ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಹುಡುಗರು ಪಂಕ್ಚರ್ ಸಲ್ಯೂಷನ್ ಮೂಸುತ್ತಿದ್ದಾರೆ, ಅವರ ಜೊತೆ ನಮ್ಮ ಹುಡುಗನೂ ಇದ್ದ ಅಂತ. ಅದಕ್ಕೆ ಮಾವ, ಸಂಜೆ ನಾಲ್ಕು ಜನ ಹೋಗಿ ಹಿಡಿದು ಬಾರಿಸೋಣ ಅಂದಿದ್ದೀರಿ. ನಿಮ್ಮ ಸಿಟ್ಟು ಅರ್ಥ ಆಗುತ್ತದೆ ಮಾವಾ. ಆದರೆ ಅಟ್ಟಿಸಿಕೊಂಡು ಮಾತ್ರ ಹೋಗಬೇಡಿ.

ಯಾಕೆ ಅಂತ ಕೇಳಿ. ಆ ಆವಿ ಮೂಗಿಗೆ ಹೋದ ಕೆಲವೇ ಸೆಕೆಂಡಿನಲ್ಲಿ ರಕ್ತ ಸೇರಿ ಮೆದುಳಿಗೂ ಹೃದಯಕ್ಕೂ ಮುಟ್ಟುತ್ತದೆ. ಹೆದರಿದಾಗ, ಓಡಿದಾಗ ಎಲ್ಲರ ಮೈಯಲ್ಲೂ ಅಡ್ರಿನಲಿನ್ ಅನ್ನುವ ಹಾರ್ಮೋನು ಏರುತ್ತದೆ. ನಮಗಾದರೆ ಎದೆ ಡವಡವ ಅನ್ನುತ್ತದೆ, ಅಷ್ಟೇ. ಆವಿ ಎಳೆದುಕೊಂಡವನ ಹೃದಯಕ್ಕೆ ಆ ಅಡ್ರಿನಲಿನ್ ತಡೆದುಕೊಳ್ಳಲು ಆಗುವುದಿಲ್ಲ. ಬಡಿತ ತಾಳ ತಪ್ಪಿ ಅಲ್ಲೇ ನಿಂತುಹೋಗಬಹುದು. ಎಷ್ಟೋ ದಿನದ ಚಟ ಇರಬೇಕು ಅಂತ ಏನಿಲ್ಲ, ಮೊದಲ ಸಲ ಮೂಸಿದ ಗಟ್ಟಿಮುಟ್ಟಾದ ಹುಡುಗನಿಗೂ ಹೀಗೆ ಆಗಬಹುದು. ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡುವವಳು ನಾನು. ಹಾಗಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನೀವು ಅಲ್ಲಿ ಹೋದಾಗ ಅವನು ಅಮಲಿನಲ್ಲೇ ಇದ್ದರೆ ಕೂಗಾಡಬೇಡಿ. ಮೆಲ್ಲಗೆ ಮಾತಾಡಿಸಿ, ಗಾಳಿ ಇರುವ ಕಡೆ ಕೂಡಿಸಿ. ಹತ್ತಿರ ಯಾರೂ ಬೀಡಿ ಹಚ್ಚಬಾರದು, ಆ ಆವಿಗೆ ಬೆಂಕಿ ತಟ್ಟನೆ ಹತ್ತುತ್ತದೆ. ನಡೆಸಬೇಡಿ, ಓಡಿಸಬೇಡಿ. ಎಚ್ಚರ ತಪ್ಪಿದ್ದರೆ ಮೊದಲು ಮುಖದ ಮೇಲಿನ ಕವರ್, ಬಟ್ಟೆ ತೆಗೆದು, ಒಂದು ಮಗ್ಗುಲಿಗೆ ಮಲಗಿಸಿ, ವಾಂತಿ ಗಂಟಲಿಗೆ ಸಿಕ್ಕಬಾರದು. ತಕ್ಷಣ 108ಕ್ಕೆ ಫೋನ್ ಮಾಡಿ. ಉಸಿರೇ ಇಲ್ಲದಿದ್ದರೆ ಎದೆಯ ನಡುವೆ ಜೋರಾಗಿ, ಬೇಗಬೇಗ ಒತ್ತುತ್ತಾ ಇರಿ, ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಪೊಲೀಸ್ ಕೇಸಾಗುತ್ತದೆ ಅಂತ ಹೆದರಿ ಏನು ಮೂಸಿದ್ದ ಅನ್ನುವುದನ್ನು ಡಾಕ್ಟರಿಂದ ಮುಚ್ಚಿಡಬೇಡಿ. ಸಲ್ಯೂಷನ್ ಟ್ಯೂಬ್ ಸಿಕ್ಕರೆ ಜೊತೆಗೇ ತನ್ನಿ.

ಇನ್ನು ದೊಡ್ಡಪ್ಪ, ಗಾಂಜಾ ಅಲ್ಲವಲ್ಲ, ಬರೀ ವಾಸನೆ ತಾನೆ ಅಂತ ಕೇಳಿದಿರಿ. ಇಲ್ಲ ದೊಡ್ಡಪ್ಪ, ಅದು ಹಗುರ ಅಲ್ಲ. ಥಿನ್ನರಿನಲ್ಲಿ, ಎಷ್ಟೋ ಗಮ್ಮುಗಳಲ್ಲಿ ಟಾಲ್ಯೂಯಿನ್ ಅನ್ನುವ ದ್ರಾವಕ ಇರುತ್ತದೆ. ದಿನಾ ಎಳೆದರೆ ಮೆದುಳಿನ ನರಗಳ ಮೇಲಿನ ಹೊದಿಕೆಯನ್ನೇ ಹಾಳು ಮಾಡುತ್ತದೆ. ನೆನಪು ಕಡಿಮೆಯಾಗುತ್ತದೆ, ನಡೆಯುವಾಗ ತೂರಾಡುತ್ತಾರೆ, ಕಿವಿ ಮಂದ ಆಗುತ್ತದೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ಪೊಟ್ಯಾಸಿಯಂ ಇಳಿದರೆ ಕಾಲಿಗೆ ಬಲವೇ ಇರುವುದಿಲ್ಲ, ಕೂತವನು ಏಳಲಾರ. ಕವರನ್ನು ಮುಖಕ್ಕೆ ಒತ್ತಿ ಹಿಡಿದವನಿಗೆ ಉಸಿರುಗಟ್ಟುವ ಅಪಾಯ ಬೇರೆ. ಸ್ವಲ್ಪವೇ ತಗೊಂಡರೆ, ಗಾಳಿ ಇರುವ ಕಡೆ ತಗೊಂಡರೆ ಪರವಾಗಿಲ್ಲ ಅಂತ ಹುಡುಗರು ಹೇಳುತ್ತಾರೆ. ಅಪಾಯವಿಲ್ಲದ ಅಳತೆ ಅಂತ ಇದರಲ್ಲಿ ಇಲ್ಲವೇ ಇಲ್ಲ.

ಅಂದಹಾಗೆ, ಶೆಡ್ಡಿನ ಬಾಗಿಲು ಹಾಕಿಕೊಂಡು ಗಾಡಿಗೆ ಪೇಂಟ್ ಹೊಡೆಯುವ ನಮ್ಮ ತಮ್ಮನಿಗೂ ಒಂದು ಮಾತು. ನೀನು ಬಳಸುವುದೂ ಅದೇ ಥಿನ್ನರ್. ಬಾಗಿಲು ತೆಗೆದಿಡು, ತಲೆ ತಿರುಗಿದರೆ ಹೊರಗೆ ಬಾ.

2019ರಲ್ಲಿ ಬಂದ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಕಂಡ ನಶೆ ಇದೊಂದೇ. 10ರಿಂದ 17 ವರ್ಷದವರಲ್ಲಿ ಶೇಕಡ 1.17, ದೊಡ್ಡವರಲ್ಲಿ ಶೇಕಡ 0.58. ಆಶ್ಚರ್ಯ ಏನಿಲ್ಲ, ಹತ್ತಿಪ್ಪತ್ತು ರೂಪಾಯಿಗೆ ಅಂಗಡಿಯಲ್ಲೇ ಸಿಗುವ ವಸ್ತು ಅಲ್ವಾ.

ಅಕ್ಕಾ, ಅವನ ಕರ್ಚೀಫು, ಅಂಗಿಯ ತೋಳಿನ ತುದಿ ನೋಡು. ಸಲ್ಯೂಷನ್ ಒಣಗಿದ್ದರೆ ಬಟ್ಟೆ ಅಲ್ಲಷ್ಟೇ ಬಿರುಸಾಗಿ ಅಂಟಂಟಾಗಿರುತ್ತದೆ. ಬಾಯಿ, ಮೂಗಿನ ಸುತ್ತ ಕೆಂಪು ಗುಳ್ಳೆ, ಉಸಿರಿನಲ್ಲಿ ಪೇಂಟ್ ವಾಸನೆ, ಊಟ ಸೇರದಿರುವುದು, ಇವನ್ನೂ ಗಮನಿಸು. ಒಂದನ್ನೇ ಹಿಡಿದುಕೊಂಡು ಅವನ ಮೇಲೆ ಹರಿಹಾಯಬೇಡ.

ಮಾತಾಡುವುದಿದ್ದರೆ ಅಮಲು ಪೂರ್ತಿ ಇಳಿದ ಮೇಲೆ, ಊಟ ಹಾಕಿ, ಒಬ್ಬರೇ ಕೂತು ಮಾತಾಡಿ. ಯಾವಾಗಿಂದ, ಯಾರ ಜೊತೆ, ಯಾಕೆ ಅಂತ ಕೇಳಿ. ಅವನು ಶಾಲೆ ಬಿಟ್ಟು ಜೀನ್ಸ್ ಹೊಲಿಯುವ ಕೆಲಸಕ್ಕೆ ಸೇರಿದ ಮೇಲೆ ನಾವ್ಯಾರೂ ಅವನನ್ನು ಸರಿಯಾಗಿ ವಿಚಾರಿಸಿಲ್ಲ ಅನ್ನುವುದು ನನಗೆ ತುಂಬಾ ನೋವಿನ ವಿಷಯ. ಇದನ್ನು ಒಂದೇ ಏಟಿಗೆ ಬಿಡಿಸುವ ಮಾತ್ರೆ ಇಲ್ಲ. ಬಿಟ್ಟ ಮೊದಲ ದಿನಗಳಲ್ಲಿ ನಿದ್ದೆ ಬರುವುದಿಲ್ಲ, ಸಿಡುಕುತ್ತಾನೆ, ಅದನ್ನು ತಡೆದುಕೊಳ್ಳಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮಾವಾ, ನಿಮಗೆ ಒಂದು ಕೆಲಸ. ನಿಮ್ಮ ಮಾತನ್ನು ಓಣಿಯವರು ಕೇಳುತ್ತಾರೆ. ಪಂಕ್ಚರ್ ಅಂಗಡಿಯವರಿಗೂ ಹಾರ್ಡ್‌ವೇರ್ ಅಂಗಡಿಯವರಿಗೂ ಚಿಕ್ಕ ಹುಡುಗರ ಕೈಗೆ ಸಲ್ಯೂಷನ್, ಥಿನ್ನರ್ ಕೊಡಬೇಡಿ ಅಂತ ಹೇಳಿ. ನನ್ನ ಡ್ಯೂಟಿ ಎಂಟಕ್ಕೆ ಮುಗಿಯುತ್ತದೆ, ನೇರ ಅಕ್ಕನ ಮನೆಗೆ ಬರುತ್ತೇನೆ. ಅಲ್ಲಿವರೆಗೆ ಅವನಿಗೆ ಯಾರೂ ಏನೂ ಅನ್ನಬೇಡಿ.