ಸಹಾಯ ಬೇಕು: 2.40 ಲಕ್ಷ ಕಿ.ಮೀ. ಓಡಿದ ಆಟೋಮ್ಯಾಟಿಕ್ ಪಿಕಪ್, ಗೇರ್ ಆಯಿಲ್ ಬದಲಿಸಲಾ, ಬೇಡವಾ?

ಎಲ್ಲರಿಗೂ ನಮಸ್ಕಾರ. ನಾನಿರೋದು ಪುಣೆಯ ಭೋಸರಿಯಲ್ಲಿ, ಊರು ನಿಪ್ಪಾಣಿ ಕಡೆ. ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಡೀಸೆಲ್ ಪಿಕಪ್, 6 ಸ್ಪೀಡ್ ಆಟೋಮ್ಯಾಟಿಕ್. ವಾರಕ್ಕೊಮ್ಮೆ ಮಾಲು ಹಾಕ್ಕೊಂಡು ಬೆಳಗಾವಿಗೆ ಹೋಗಿ ಬರ್ತೀನಿ. ಮನೆ ನಡೆಯೋದೇ ಇದರಿಂದ.

ಸರ್ವಿಸ್ ಬುಕ್ಕಲ್ಲಿ ಇಂಜಿನ್ ಆಯಿಲ್ ಲೆಕ್ಕ ಪಕ್ಕಾ ಇದೆ, ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಒಂದು ನಮೂದೂ ಇಲ್ಲ. ಈಗ ಬೆಳಗ್ಗೆ ರಿವರ್ಸ್ ಹಾಕಿದರೆ ಎರಡು ಸೆಕೆಂಡ್ ಸುಮ್ಮನಿದ್ದು ಆಮೇಲೆ ಧಡ್ ಅಂತ ಹಿಡಿಯುತ್ತೆ. ಲೋಡ್ ಇಟ್ಕೊಂಡು ಖಂಬಾಟ್ಕಿ ಘಾಟ್ ಏರುವಾಗ ಎರಡರಿಂದ ಮೂರನೇ ಗೇರ್‌ಗೆ ಹೋಗೋದು ತಡವಾಗುತ್ತೆ, ಆರ್‌ಪಿಎಂ ಸುಮ್ಮನೆ ಏರುತ್ತೆ. ಇದಕ್ಕೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಇಲ್ಲ. ಚೆಕ್ ಪ್ಲಗ್ ಬಿಚ್ಚಿಸಿ ನಾಲ್ಕು ಹನಿ ಬಿಳಿ ಬಟ್ಟೆ ಮೇಲೆ ಹಾಕಿಸಿ ನೋಡಿದೆ: ಕಾಫಿ ಡಿಕಾಕ್ಷನ್ ಬಣ್ಣ, ಸ್ವಲ್ಪ ಸೀದ ವಾಸನೆ. ಬೆರಳಿಗೆ ಲೋಹದ ಪುಡಿ ಮಾತ್ರ ಸಿಗಲಿಲ್ಲ.

ಒಬ್ಬ ಮೆಕ್ಯಾನಿಕ್ ಹೇಳ್ತಾನೆ, ಮುಟ್ಟಲೇಬೇಡಿ, ಕ್ಲಚ್ ಪ್ಲೇಟ್ ಸವೆದ ಪುಡಿ ಹಳೇ ಆಯಿಲಲ್ಲಿದೆ, ಅದರಿಂದಲೇ ಹಿಡಿತ ಉಳಿದಿದೆ. ಇನ್ನೊಬ್ಬ ಮೆಷೀನ್ ಹಾಕಿ ಒತ್ತಡದಿಂದ ಹಳೇ ಆಯಿಲ್ ಹೊರಹಾಕಿ ಪೂರ್ತಿ ಫ್ಲಶ್ ಮಾಡೋಣ ಅಂತಾನೆ. ಒತ್ತಡಕ್ಕೆ ಕೆಸರು ಎದ್ದು ವಾಲ್ವ್ ಬಾಡಿಯಲ್ಲಿ (ಗೇರ್ ಬದಲಿಸೋಕೆ ಆಯಿಲನ್ನ ಎಲ್ಲೆಲ್ಲಿಗೆ ಬೇಕೋ ಅಲ್ಲಿಗೆ ಬಿಡೋ ಭಾಗ) ಕೂತರೆ ಅಂತ ನನಗೆ ಅದೇ ಹೆದರಿಕೆ.

ನನಗೆ ಸರಿ ಅನ್ನಿಸೋದು ಪ್ಯಾನ್ (ಗೇರ್‌ಬಾಕ್ಸ್ ಕೆಳಗಿನ ಆಯಿಲ್ ತಟ್ಟೆ) ಇಳಿಸಿ, ಅದರಲ್ಲಿ ಲೋಹದ ಪುಡಿ ಹಿಡಿಯೋ ಮ್ಯಾಗ್ನೆಟ್ ನೋಡಿ, ಫಿಲ್ಟರ್ ಬದಲಿಸಿ, ಬಂದಷ್ಟು ಆಯಿಲ್ ಮಾತ್ರ ತೆಗೆಯೋದು. ಟಾರ್ಕ್ ಕನ್ವರ್ಟರಲ್ಲಿ (ಇಂಜಿನ್ ಶಕ್ತಿಯನ್ನ ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸೋ ಭಾಗ) ಹಳೇದು ಉಳಿಯುತ್ತೆ, ಸಾವಿರ ಕಿ.ಮೀ. ಬಿಟ್ಟು ಮತ್ತೊಮ್ಮೆ ಮಾಡಿಸ್ತೀನಿ.

ಇಷ್ಟು ಓಡಿದ ಗಾಡಿಗೆ ಹೀಗೆ ಮಾಡಿಸಿದವರು ಯಾರಾದ್ರೂ ಇದ್ದೀರಾ? ಆಮೇಲೆ ಸ್ಲಿಪ್ (ಹಿಡಿತ ಜಾರೋದು) ಜಾಸ್ತಿ ಆಯ್ತಾ, ಕಡಿಮೆ ಆಯ್ತಾ? ಪಿಂಪ್ರಿ-ಚಿಂಚ್ವಡ್ ಕಡೆ ಆಯಿಲ್ ಬಿಸಿ ಅಳೆದು ಲೆವೆಲ್ ಇಡುವ ಗ್ಯಾರೇಜ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸೋಮವಾರ ಲೋಡ್ ಇದೆ, ಅಷ್ಟರೊಳಗೆ ನಿರ್ಧಾರ ಮಾಡಬೇಕು.